ಕ್ಲಚ್ ಸುಟ್ಟ ಶ್ರಾವಣ

ಕಳೆದ ತಿಂಗಳು ಉಳ್ಳಾಗಡ್ಡಿ ಚೀಲ ಹೇರಿಕೊಂಡು ಗಜೇಂದ್ರಗಡದ ಏರು ಹತ್ತುತ್ತಿದ್ದೆ. ಮುಂದೊಂದು ಹೊಚ್ಚ ಹೊಸ ಕಾರು ಅರ್ಧ ಏರಿನಲ್ಲಿ ನಿಂತು, ಹಿಂದಕ್ಕೂ ಜಾರದೆ ಮುಂದಕ್ಕೂ ಹೋಗದೆ ಗುರುಗುಡುತ್ತಿತ್ತು. ಒಳಗೆ ಹೊಸ ಜೋಡಿ. ಹೆಂಡತಿಯ ಎದುರು ಹ್ಯಾಂಡ್ ಬ್ರೇಕ್ ಎಳೆಯುವುದು ಅವಮಾನವೆಂದು ಹುಡುಗ ಗಾಡಿಯನ್ನು ಅರ್ಧ ಕ್ಲಚ್ಚಿನ ಮೇಲೆಯೇ ನಿಲ್ಲಿಸಿಕೊಂಡಿದ್ದ. ಎರಡು ನಿಮಿಷಕ್ಕೆ ಬಾನೆಟ್ಟಿನ ಕೆಳಗಿಂದ ಹೊಗೆ ಬಂತು, ಹೊಗೆಯ ಬೆನ್ನಿಗೆ ಆ ವಾಸನೆ. ಸುಟ್ಟ ಕೂದಲು, ಸೀದ ಶೇಂಗಾ, ಕರಗಿದ ಚಪ್ಪಲಿ ಮೂರನ್ನೂ ಒಂದೇ ಬಾಣಲೆಯಲ್ಲಿ ಹುರಿದಂಥ ವಾಸನೆ. ಹುಡುಗಿ ಓಡಣಿಯಿಂದ ಮೂಗು ಮುಚ್ಚಿಕೊಂಡಳು. ನಾನು ಇಳಿದು ಹತ್ತಿರ ಹೋಗಿ, ಮದುವೆ ಮನೆಯ ಬಾಗಿಲಲ್ಲಿ ಅತ್ತರು ಹಚ್ಚಿಸಿಕೊಂಡವನ ಹಾಗೆ ಕಣ್ಣು ಮುಚ್ಚಿ ಎಳೆದುಕೊಂಡೆ.

“ಯಾಕ್ರಿ, ನಗಾಕತ್ತೀರಿ?” ಅಂದ ಹುಡುಗ.

“ನಗೂದಲ್ಲಪಾ. ನಮ್ಮ ಮಂದಿ ನೆನಪಾದ್ರು.”

ಅವನಿಗೆ ಇನ್ನಷ್ಟು ಸಿಟ್ಟು ಬಂತು. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಅರ್ಧ ತಾಸು ಆರಲಿ, ಆಮೇಲೆ ಒಂದನೇ ಗೇರಿನಲ್ಲಿ ಹೋಗು ಎಂದು ಹೇಳಿ ನಾನು ನನ್ನ ಗಾಡಿ ಹತ್ತಿದೆ. ಮೈ ಏರು ಹತ್ತುತ್ತಿತ್ತು. ಮನಸ್ಸು ಆಗಲೇ ತಿರುಗಿ ರೋಣದ ದಾರಿ ಹಿಡಿದಿತ್ತು.

ಆರು ವರ್ಷದ ಹಿಂದಿನ ಶ್ರಾವಣ. ನನಗೆ ಇಪ್ಪತ್ತೆರಡು. ನರಗುಂದದ ಅರಳೆ ವ್ಯಾಪಾರದ ಮನೆಯ ಕಿರಿಮಗ ಸಂಜೀವಣ್ಣ ಗೋವೆಯ ಸಮುದ್ರದ ದಂಡೆಯಲ್ಲಿ ನಾಲ್ಕು ದಪ್ಪ ಗಾಲಿಯ ಮೋಜಿನ ಗಾಡಿ ಓಡಿಸಿ ಬಂದು, ಅಂಥದ್ದೇ ಒಂದು ಹಳೆಯದನ್ನು ಕೊಂಡು ಗಜೇಂದ್ರಗಡದ ಗುಡ್ಡದ ಬುಡಕ್ಕೆ ತಂದಿಟ್ಟಿದ್ದ. ಕೋಟೆ ನೋಡಲು ಬಂದವರನ್ನು, ಗಾಳಿಯಂತ್ರದ ಕೆಳಗೆ ಫೋಟೋ ತೆಗೆಸಿಕೊಳ್ಳುವವರನ್ನು ಹಿಂದೆ ಕೂರಿಸಿಕೊಂಡು ಕಲ್ಲು, ತಗ್ಗು, ದಿನ್ನೆಗಳಲ್ಲಿ ಕುಣಿಸಿ, ಕರುಳು ಬಾಯಿಗೆ ಬರುವ ಹೊತ್ತಿಗೆ ಇಳಿಸುವುದು ನನ್ನ ನೌಕರಿ. ಬೈಕಿನಂಥ ಹ್ಯಾಂಡಲ್ಲು, ಕೈಯಲ್ಲಿ ಹಿಡಿಯುವ ಕ್ಲಚ್ಚು, ಎಮ್ಮೆಗರುವಿನಂಥ ಮೈ. ಮಂದಿ ಅದಕ್ಕೆ ನಾಲ್ಕಾಲಿ ಅನ್ನುತ್ತಿದ್ದರು.

ನೌಕರಿ ಹೊಟ್ಟೆಗಾಯಿತು, ಚಟಕ್ಕೆ ನಾನು ಮಂದಿಯ ದನಿ ಕದಿಯುತ್ತಿದ್ದೆ. ದಿನ್ನೆಯ ಮೇಲೆ ಕಿರುಚಿದವರಿಗೆ ಇಳಿದ ಕೂಡಲೇ ಅವರದೇ ಕಿರುಚಾಟ ವಾಪಸು ಕೊಡುತ್ತಿದ್ದೆ. ಒಬ್ಬರು ದೊಡ್ಡ ಮನುಷ್ಯರು ನನ್ನ ಸೊಂಟ ತಬ್ಬಿಕೊಂಡು, “ನಿಲ್ಸೋ ತಮ್ಮಾ, ನಾ ಹೆಡ್ ಮಾಸ್ತರದೀನಿ,” ಎಂದು ಕೂಗಿದ್ದನ್ನು ಆ ಗುಡ್ಡದ ಕುರಿಗಳಿಗೂ ಬಾಯಿಪಾಠ ಮಾಡಿಸಿದ್ದೆ. ಊರಲ್ಲಿ ನನ್ನ ಹೆಸರು ಮಲ್ಲೇಶಿ ಅಂತ ರೇಶನ್ ಕಾರ್ಡಿಗೆ ಮಾತ್ರ ಗೊತ್ತು. ಉಳಿದವರಿಗೆ ಗಿಳಿ. ನನ್ನ ಸ್ವಂತ ದನಿಯನ್ನೂ ಬಿಟ್ಟವನಲ್ಲ. ತಗಡಿನ ಡಬ್ಬಿಯಲ್ಲಿ ನಾಲ್ಕು ಕಡಲೆಕಾಳು ಹಾಕಿ ಅಲುಗಾಡಿಸಿದರೆ ಅದು ನಾನೇ.

ಆ ವರ್ಷ ಮಳೆ ಬಿಡುವು ಕೊಡದೆ ಹಿಡಿದಿತ್ತು. ಪಂಚಮಿಗೆ ಇನ್ನೇನು ವಾರವಿದೆ ಅನ್ನುವಾಗ ಮೋಡ ಒಡೆದು ಬಿಸಿಲು ಬಿತ್ತು. ಕಪ್ಪು ಮಣ್ಣಿನ ಎರಿ ಹೊಲಕ್ಕೆ ಹದ ಬಂತು. ಈ ಹದ ಎನ್ನುವುದು ಎರಡು ದಿನದ ನೆಂಟ. ಮೊದಲೇ ಇಳಿದರೆ ಕೆಸರು, ಆಮೇಲೆ ಇಳಿದರೆ ಕಲ್ಲು. ರಾಜೂರಿನಲ್ಲಿ ನಮ್ಮ ಸೋದರತ್ತೆ ಬಸವ್ವ ತನ್ನ ಹತ್ತಿ ಹೊಲದ ಬದುವಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಗಿಡ ಗೇಣುದ್ದ, ಕಸ ಮೊಳದುದ್ದ. ಊರಿನ ಎತ್ತುಗಳೆಲ್ಲ ಯಾರ ಯಾರದೋ ಹೊಲದಲ್ಲಿ.

ನಮ್ಮ ಕಡೆ ಹಳೆಯ ಬೈಕಿನ ಹಿಂದೆ ಎಡೆಕುಂಟೆ ಕಟ್ಟಿ ಸಾಲಿನ ನಡುವಿನ ಕಸ ಕೀಳುವುದು ಹೊಸದೇನಲ್ಲ. ಎರಡು ಗಾಲಿಯದು ಎಳೆಯುವುದನ್ನು ನಾಲ್ಕು ಗಾಲಿಯದು ಎಳೆಯದೇ ಎಂದು ನನ್ನ ತಲೆಗೆ ಹೊಳೆಯಿತು. ಮಂಗಳವಾರ ಗುಡ್ಡಕ್ಕೆ ಗಿರಾಕಿಗಳಿಲ್ಲ. ಸಂಜೀವಣ್ಣ ಕೊಣ್ಣೂರಿನ ಆಚೆ ಮಾವನ ಮನೆಗೆ ಹೋಗಿದ್ದ. ಭಾನುವಾರ ಅವರನ್ನೆಲ್ಲ ಕರೆತಂದು ನಾಲ್ಕಾಲಿ ಹತ್ತಿಸುವವನಿದ್ದ. ಹೊತ್ತು ಮೂಡುವ ಮುಂಚೆ ಗಾಡಿಯನ್ನು ರಾಜೂರಿಗೆ ತಂದೆ, ಹಗ್ಗ ಬಿಗಿದೆ, ಅತ್ತೆಯ ಕೈಗೆ ಕುಂಟೆ ಕೊಟ್ಟೆ. ಹತ್ತಿಯ ಸಾಲು ಗಾಡಿಯ ಹೊಟ್ಟೆಯ ಕೆಳಗೆ ನೆಟ್ಟಗೆ ಹಾದುಹೋಯಿತು. ನನಗೆ ನನ್ನ ಬುದ್ಧಿಯ ಮೇಲೆ ಅಭಿಮಾನ ಉಕ್ಕಿತು.

“ಸಾವಕಾಶ ನಡ್ಸೋ ಹುಚ್ಚಪ್ಯಾಟಿ,” ಅಂದಳು ಅತ್ತೆ ಹಿಂದಿನಿಂದ. “ನಾ ಎತ್ತಿನ ಹಿಂದ ನಡದಾಕಿ, ಕುದರಿ ಹಿಂದ ಅಲ್ಲ.”

ಆ ಗಾಡಿಗೆ ಎತ್ತಿನ ನಡಿಗೆ ಗೊತ್ತಿರಲಿಲ್ಲ. ಒಂದನೇ ಗೇರಿನಲ್ಲಿ ಬಿಟ್ಟರೂ ಅತ್ತೆ ಓಡಬೇಕಿತ್ತು. ಹಾಗಾಗಿ ಕ್ಲಚ್ಚನ್ನು ಅರ್ಧ ಹಿಡಿದೆ. ಹಿಡಿದೇ ಇದ್ದೆ. ಬದುವಿನ ಮೇಲೆ ನೋಡುವ ಮಂದಿ ಕೂಡಿದರು. ಮಂದಿ ಕಂಡರೆ ನನಗೆ ಗೊತ್ತಲ್ಲ. ಎತ್ತು ಹೊಡೆಯುವವರ ದನಿ ತೆಗೆದು ಗಾಡಿಗೆ ಹೋ ಹೋ ಬಾ ಬಾ ಎಂದು ಹಾಡತೊಡಗಿದೆ. ವಾಸನೆ ಬಂದಾಗ ಯಾರೋ ಬದುವಿನಲ್ಲಿ ಕಸ ಸುಡುತ್ತಿದ್ದಾರೆ ಅಂದುಕೊಂಡೆ. ಇನ್ನು ಮೂರು ಸಾಲು ಉಳಿದಿವೆ ಅನ್ನುವಾಗ ಗಾಡಿ ಜೋರಾಗಿ ಕೂಗಿತು, ಮತ್ತು ನಿಂತಲ್ಲೇ ನಿಂತಿತು. ಕ್ಲಚ್ ಬಿಟ್ಟರೂ ಅಷ್ಟೇ, ಹಿಡಿದರೂ ಅಷ್ಟೇ.

“ಹೊಗಿ ಬರಾಕತ್ತೈತಿ,” ಅಂದಳು ಅತ್ತೆ.

“ದಣದೈತಿ,” ಅಂದೆ.

“ಹಂಗಾರ ನೀರ್ ಕುಡಸು,” ಎಂದು ಉಳಿದ ಮೂರು ಸಾಲನ್ನು ಕಳೆ ತೆಗೆಯುವ ಕುರ್ಚಿಗೆಯಿಂದ ತಾನೇ ತೆಗೆಯಲು ಕೂತಳು.

ಗಜೇಂದ್ರಗಡದ ಇಬ್ಬರು ಮೆಕ್ಯಾನಿಕ್ಕುಗಳು ನಾಲ್ಕಾಲಿಯ ಸುತ್ತ ಪ್ರದಕ್ಷಿಣೆ ಹಾಕಿ, ಹುಬ್ಬಳ್ಳಿಗೆ ಒಯ್ಯಿ ಅಂದರು. ಹುಬ್ಬಳ್ಳಿಗೆ ಒಯ್ದರೆ ವಾರ, ಮೇಲಾಗಿ ಸಂಜೀವಣ್ಣನಿಗೆ ಸುದ್ದಿ. ಉಳಿದದ್ದು ಒಂದೇ ಬಾಗಿಲು: ರೋಣದ ವೀರಪ್ಪ ಕಾಕಾ. ಆ ಬಾಗಿಲಿಗೆ ಹೋಗಲು ನನಗೆ ಮುಖವಿರಲಿಲ್ಲ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಟ್ರ್ಯಾಕ್ಟರು, ಪಂಪು, ಬೈಕು, ಮಗ್ಗ, ಹಿಟ್ಟಿನ ಗಿರಣಿ, ತಿರುಗುವ ಯಾವುದನ್ನೂ ಸರಿಮಾಡುತ್ತಿದ್ದವನು. ಆತನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಸ್ಪ್ಯಾನರ್ ಮುಟ್ಟುವ ಮೊದಲು ಗಿರಾಕಿ ತನ್ನ ಗಾಡಿಯ ಸಪ್ಪಳವನ್ನು ಬಾಯಿಂದ ಮಾಡಿ ತೋರಿಸಬೇಕು. “ಅದು ಏನ್ ಅಂತೈತಿ, ಹಾಂಗ ಅನ್ರಿ ಗೌಡ್ರ,” ಎಂದು ಗುಡುಗುತ್ತಿದ್ದ. ನಡು ರಸ್ತೆಯಲ್ಲಿ ಪಟಗ ಸುತ್ತಿದ ಗೌಡರು ಅತ್ತಿತ್ತ ನೋಡಿ, ಸಣ್ಣಗೆ ಕರ್ರ್ ಕಟಕಟ ಅನ್ನಬೇಕು. “ಕೇಳ್ಸಲಿಲ್ಲ. ನಿಮ್ಮ ಟ್ರ್ಯಾಕ್ಟರ್ ಇಷ್ಟ ಮರ್ಯಾದಸ್ತ ಐತೇನು?” ಎಂದು ಮತ್ತೊಮ್ಮೆ ಮಾಡಿಸುತ್ತಿದ್ದ. ಆ ದನಿ ಸಂತೆಯ ಈ ತುದಿಯಲ್ಲಿ ಆಡಿದರೆ ಆ ತುದಿಯ ಎತ್ತು ಕಿವಿ ನಿಮಿರಿಸುತ್ತಿತ್ತು. ಹದಿನಾರು ವರ್ಷದವನಿದ್ದಾಗ ನಮ್ಮ ಊರಿನವರ ಬೈಕಿನ ಸಪ್ಪಳ ಮಾಡಿ ತೋರಿಸಿದ್ದೆ; ಕಾಕಾ ಕೆಳಗೆ ಬಗ್ಗಿ ಬೈಕು ಚಾಲೂ ಇದೆಯೇನು ಎಂದು ನೋಡಿದ್ದ. ಅಂದಿನಿಂದ ನಾನು ಆತನಿಗೆ ಬೇಕಾದವನಾದೆ.

ಆ ಬೇಸಿಗೆಯಲ್ಲಿ ಕಾಕಾನ ಗಂಟಲಲ್ಲಿ ಗಡ್ಡೆ ಎಂದು ಹುಬ್ಬಳ್ಳಿಯ ದವಾಖಾನೆಯಲ್ಲಿ ಕೊಯ್ದಿದ್ದರು. ಜೀವ ಉಳಿಯಿತು, ದನಿ ಹೋಯಿತು. ನಾನು ನೋಡಲು ಹೋಗಲಿಲ್ಲ. ಯಾಕೆಂದರೆ ಕೊಯ್ದ ವಾರವೇ, ಸುದ್ದಿ ತಿಳಿಯದೆ, ಒಂದು ಮದುವೆಯಲ್ಲಿ ಮೈಕು ಹಿಡಿದು ಕಾಕಾನ ದನಿಯಲ್ಲಿ ಮದುಮಗನನ್ನು ಬೈದು ಸಾವಿರ ಮಂದಿಯನ್ನು ನಗಿಸಿದ್ದೆ. ಆ ಸಾವಿರ ಮಂದಿಯಲ್ಲಿ ಕಾಕಾನ ಅಳಿಯನೂ ಇದ್ದ. ಅವನು ನಗಲಿಲ್ಲ ಎಂದು ಆಮೇಲೆ ತಿಳಿಯಿತು.

ಬುಧವಾರ ನಾಲ್ಕಾಲಿಯನ್ನು ಟ್ರೇಲರಿನಲ್ಲಿ ಹಾಕಿಕೊಂಡು ರೋಣಕ್ಕೆ ಬಂದೆ. ಅಂಗಡಿಯ ಶಟರು ಇಳಿದಿತ್ತು. ಹಿಂದಿನ ಮನೆಯ ಬಾಗಿಲಲ್ಲಿ ಕಾಕಾನ ಹೆಂಡತಿ ಗಿರಿಜಾ ಕಾಕು ಪಂಚಮಿ ಉಂಡಿಗೆ ಶೇಂಗಾ ಹುರಿಯುತ್ತಿದ್ದಳು.

“ಬಂದ್ಯಾ ಗಿಳಿ. ನಾಕ್ ತಿಂಗಳಾತು, ದಾರಿ ಸಿಗಲಿಲ್ಲೇನು?”

“ರಸ್ತೆ ಕೆಟ್ಟಿತ್ತ ಕಾಕು.”

“ನಿನ್ನ ಬಾಯಿ ಮಾತ್ರ ಕೆಡವಲ್ದು.” ಆಮೇಲೆ ದನಿ ಇಳಿಸಿದಳು. “ಅಂಗಡಿ ತಗಿಯಂಗಿಲ್ಲ ಅಂತಾರಪಾ. ಪಂಚಮಿ ಮುಗದ ಮ್ಯಾಲೆ ಶಿರೋಳದಾಂವ ಒಬ್ಬ ಬಂದು ಸಾಮಾನೆಲ್ಲಾ ಒಯ್ತಾನ. ಮಂದಿ ಮುಂದ ಈ ಉಳದ ದನಿ ತಗಿಯೂದ ಬ್ಯಾಡ ಅಂತ ಪಾಟಿ ಮ್ಯಾಲೆ ಬರದು ತೋರ್ಸಿದ್ರು. ಕೈ ಗಟ್ಟಿ ಅದಾವು, ಕಣ್ಣು ಗಟ್ಟಿ ಅದಾವು. ಕುಂತಲ್ಲೇ ಕುಂತು ಮನಷಾ ಕರಗಾಕತ್ತೈತಿ.”

ಕಾಕಾ ಹೊರಸಿನ ಮೇಲೆ ಕೂತಿದ್ದ. ಕುತ್ತಿಗೆಗೆ ಟವೆಲ್ಲು, ಪಕ್ಕದಲ್ಲಿ ಮೊಮ್ಮಗಳ ಪಾಟಿ. ನಾನು ನಾಲ್ಕಾಲಿಯ ಕತೆಯನ್ನು ಅರ್ಧ ಸುಳ್ಳು ಬೆರೆಸಿ ಹೇಳಿದೆ: ಗುಡ್ಡ ಹತ್ತುವಾಗ ತಾನಾಗಿಯೇ ಕೆಟ್ಟಿತು. ಆತ ಪಾಟಿಯಲ್ಲಿ ಬರೆದು ತೋರಿಸಿದ: ಒಯ್ಯಿ.

ಕೈಮುಗಿದೆ. ಮತ್ತೆ ಅದೇ ಪಾಟಿ ತೋರಿಸಿದ. ಏಳಲು ಹೊರಟ ನನಗೆ ಏನನ್ನಿಸಿತೋ, ಹಳೆಯ ಪದ್ಧತಿಯಂತೆ ಎದ್ದು ನಿಂತು ನಾಲ್ಕಾಲಿಯ ಸಪ್ಪಳ ತೆಗೆದೆ. ಮೊದಲು ಸರಿಯಿದ್ದಾಗಿನ ಗುರುಗುರು, ಆಮೇಲೆ ಎಳೆಯುವಾಗಿನ ನರಳಾಟ, ಕೊನೆಗೆ ಬರಿದೇ ಮೇಲಕ್ಕೇರಿ ಎಲ್ಲಿಗೂ ಮುಟ್ಟದ ಆ ಕೂಗು. ಕಾಕಾನ ತಲೆ ಓರೆಯಾಯಿತು. ನಡುವಿನದನ್ನು ಇನ್ನೊಮ್ಮೆ ಮಾಡು ಎಂದು ಬೆರಳು ತಿರುಗಿಸಿದ. ಮಾಡಿದೆ. ಆತ ಪಾಟಿಯನ್ನು ಅಂಗೈಯಿಂದ ಒರೆಸಿ ಬರೆದ: ಎಷ್ಟು ತಾಸು ಅರ್ಧ ಹಿಡಿದಿ?

ನನ್ನ ಬಾಯಿ ಅಂದರೆ ಹೀಗೆ. ಮಾತಿನಲ್ಲಿ ಸುಳ್ಳು ಹೇಳಿ, ಸಪ್ಪಳದಲ್ಲಿ ಸಿಕ್ಕಿಬಿತ್ತು.

“ಎರಡೂವರಿ ತಾಸ್ರಿ. ಹತ್ತಿ ಎಡೆ ಹೊಡದೆ.”

ಕಾಕಾ ನನ್ನನ್ನೇ ನೋಡಿದ. ಹೊರಸಿನ ಕಾಲು ಕಿರುಗುಟ್ಟಿತು. ಎದ್ದು ಗೂಟದಿಂದ ಶಟರಿನ ಕೀಲಿ ತೆಗೆದುಕೊಂಡ. ಗಿರಿಜಾ ಕಾಕು ಬಾಣಲೆಯಲ್ಲಿ ಕೈ ಆಡಿಸುವುದನ್ನು ಮರೆತು ನಿಂತಿದ್ದಳು. ಆ ಸಲದ ಉಂಡಿ ಕೊಂಚ ಕಹಿಯಾಗಿದ್ದವು, ಮತ್ತು ಆ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಶಟರು ತೆರೆದದ್ದು ಅರ್ಧ ಮಾತ್ರ. ಬಗ್ಗಿ ಒಳಗೆ ಹೋಗಬೇಕು. ರಸ್ತೆಗೆ ನಮ್ಮ ಕಾಲುಗಳಷ್ಟೇ ಕಾಣಬೇಕು. ಅದು ಕಾಕಾನ ಕಟ್ಟಳೆ. ಹೊರಗೆ ಮತ್ತೆ ಮಳೆ ಹಿಡಿಯಿತು.

ಎಣ್ಣೆ ಬಸಿದೆವು. ಡಾಂಬರಿನಂತೆ ಕರ್ರಗೆ ಇಳಿಯಿತು, ಅದರಲ್ಲಿ ಚಹಾಪುಡಿಯ ಹಾಗೆ ಸುಟ್ಟ ಚೂರುಗಳು. ಪಕ್ಕದ ಮುಚ್ಚಳ ಬಿಚ್ಚಿದಾಗ ಬಂದ ವಾಸನೆಗೆ ನಾನು ಮುಖ ತಿರುಗಿಸಿದೆ. ಕಾಕಾ ಮೂಗು ಹತ್ತಿರ ಒಯ್ದ. ಕ್ಲಚ್ ಎಂದರೆ ಒಂದರ ಮೇಲೊಂದು ಪೇರಿಸಿದ ಬಳೆಯಂಥ ತಟ್ಟೆಗಳು: ಒಂದು ಉಕ್ಕಿನದು, ಒಂದು ಹಿಡಿತಕ್ಕೆ ಮೆತ್ತನೆಯ ಬೆಂಡಿನಂಥ ಲೇಪ ಹಚ್ಚಿದ್ದು. ಲೇಪವೆಲ್ಲ ಸೀದು ಗಾಜಿನಂತೆ ನುಣ್ಣಗಾಗಿತ್ತು. ಉಕ್ಕು ನವಿಲಿನ ಕುತ್ತಿಗೆಯ ಹಾಗೆ ನೀಲಿಗಟ್ಟಿತ್ತು.

ಉಕ್ಕಿನ ತಟ್ಟೆ ಸೊಟ್ಟಗಾಗಿದೆಯೋ ನೋಡಲು ಸಪಾಟಾದ ಜಾಗ ಬೇಕು. ಕಾಕಾ ಮನೆಯೊಳಗೆ ಹೋಗಿ ಗೋಡೆಯ ಕನ್ನಡಿ ಕಿತ್ತು ತಂದು ನೆಲದ ಮೇಲೆ ಮಲಗಿಸಿದ. ಒಂದೊಂದೇ ತಟ್ಟೆಯನ್ನು ಅದರ ಮೇಲಿಟ್ಟು ಅಂಚನ್ನು ಬೆರಳಿನಿಂದ ಒತ್ತಿದ. ಸರಿಯಿದ್ದದ್ದು ಸುಮ್ಮನಿತ್ತು, ಸೊಟ್ಟಾದದ್ದು ಟಕ್ ಟಕ್ ಎಂದಿತು. ಎರಡು ಟಕ್ ಎಂದವು.

“ನಾ ಕುಂಕುಮ ಎದರಾಗ ನೋಡಿ ಹಚ್ಕೊಳ್ಳಿ?” ಎಂದು ಗಿರಿಜಾ ಕಾಕು ಒಳಗಿಂದ ಕೇಳಿದಳು.

“ಇವರ ಮಾರಿ ನೋಡಿ ಹಚ್ಕೋ ಕಾಕು,” ಅಂದೆ. ಕಾಕಾ ನನ್ನ ಬೆನ್ನಿಗೆ ಸ್ಪ್ಯಾನರಿನಿಂದ ಒಂದು ಕೊಟ್ಟ.

ಕೂಗಲಾರದ ಕಾಕಾ ಕಮ್ಮಾರರ ಅಡಿಗಲ್ಲಿನ ಮೇಲೆ ಕಬ್ಬಿಣ ಬಡಿದು ಮಾತಾಡುತ್ತಿದ್ದ. ಒಂದು ಬಡಿತಕ್ಕೆ ಹತ್ತನೇ ನಂಬರಿನ ಸ್ಪ್ಯಾನರ್, ಎರಡಕ್ಕೆ ಹನ್ನೆರಡು, ಬಿಡದೆ ಬಡಿದರೆ ನಾನು ಕತ್ತೆ ಎಂದು ಅರ್ಥ. ನಾಲ್ಕಾಲಿಯ ಹೊಸ ತಟ್ಟೆಗಳು ಈ ಕಡೆ ಎಲ್ಲಿ ಸಿಗಬೇಕು? ಆತ ತಗಡಿನ ಡಬ್ಬಿಗಳನ್ನು ಒಂದೊಂದಾಗಿ ಮಗುಚಿ, ಕೈವಾರದಿಂದ ಅಗಲ ಅಳೆದು, ಒಂದು ಹಳೆಯ ಬೈಕಿಗೆಂದು ಯಾವಾಗಲೋ ತಂದಿಟ್ಟ ಪೊಟ್ಟಣ ಹೊರಗೆ ತೆಗೆದ. ಹಲ್ಲಿನ ಲೆಕ್ಕ ಸರಿ, ಅಗಲ ಸರಿ. ಅವುಗಳನ್ನು ಮರುದಿನದ ತನಕ ಎಣ್ಣೆಯಲ್ಲಿ ನೆನೆಹಾಕಬೇಕು. ಒಣಗಿದ್ದನ್ನೇ ಹಾಕಿದರೆ ಮತ್ತೆ ಸುಡುತ್ತವೆ. ನೆನೆಹಾಕಿದ್ದು ಕಾಕುವಿನ ಉಂಡಿಯ ಪರಾತದಲ್ಲಿ. ಆಗ ಒಳಗಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಗುರುವಾರದ ಹೊತ್ತಿಗೆ ಊರಿಗೆ ಗೊತ್ತಾಯಿತು. ಅರ್ಧ ಶಟರಿನ ಆಚೆ ಕಾಲುಗಳು ಬಂದು ನಿಲ್ಲತೊಡಗಿದವು.

“ವೀರಪ್ಪಾ, ಅಂಗಡಿ ತಗದೀಯಂತ? ನನ್ನ ಪಂಪ್ ನೀರ ಎತ್ತವಲ್ದೋ.”

ಕಾಕಾ ಕೈಯಲ್ಲಿದ್ದ ಕಬ್ಬಿಣ ಉಜ್ಜುವ ಅರ ಕೆಳಗಿಟ್ಟ. ಬಾಯಿ ತೆರೆದ, ಮುಚ್ಚಿದ. ಗೋಡೆಯ ಕಡೆ ತಿರುಗಿದ. ಆಚೆಯ ಕಾಲುಗಳು ಅತ್ತಿತ್ತ ಆಡಿದವು. “ಪಾಪ, ಖರೇನ ದನಿ ಹೋಗೇತಿ,” ಎಂದು ಇನ್ನೊಂದು ಜೊತೆ ಕಾಲುಗಳು ಹೇಳಿದವು. ಆ ಪಾಪ ಎಂಬ ಮಾತಿಗೆ ಕಾಕಾನ ಬೆನ್ನು ಕುಗ್ಗಿದ್ದನ್ನು ನಾನು ನೋಡಿದೆ. ಈಗ ಎದ್ದು ಶಟರು ಪೂರ್ತಿ ಎಳೆದುಬಿಡುತ್ತಾನೆ, ಮತ್ತೆ ತೆರೆಯುವುದಿಲ್ಲ ಎಂದೂ ಗೊತ್ತಾಯಿತು. ಗೊತ್ತಾಗುವಷ್ಟರಲ್ಲಿ ನನ್ನ ಬಾಯಿ ತನ್ನ ಕೆಲಸ ಮಾಡಿತ್ತು.

“ಯಾವಾಂವಲೇ ಅಂವ ಪಾಪ ಅನ್ನಾಂವ? ಪಂಪ್ ಕೆಟ್ಟಿದ್ದು ನಿಂದೋ ನಂದೋ? ನಾಳೆ ತಗೊಂಬಾ, ಮೊದಲ ಫುಟ್‌ವಾಲ್ವ್ ತೊಳಕೊಂಬಾ.”

ತಗಡು ಗುಡುಗಿದಂತೆ ಅದೇ ದನಿ, ಅದೇ ಏರು. ಆಮೇಲೆ, “ಏ, ದನಿ ಬಂದೈತಲೇ ವೀರಪ್ಪಗ,” ಎಂದು ಕಾಲುಗಳು ಕೆಸರು ಹಾರಿಸುತ್ತ ಸಂತೋಷವಾಗಿ ಓಡಿದವು.

ನಾನು ತಲೆ ತಗ್ಗಿಸಿ ಸುತ್ತಿಗೆಗೆ ಕಾದೆ. ಸುತ್ತಿಗೆ ಬರಲಿಲ್ಲ. ಓರೆಗಣ್ಣಿನಿಂದ ನೋಡಿದರೆ ಕಾಕಾನ ಭುಜ ಅಲುಗುತ್ತಿದ್ದವು. ಅಳು ಅಂದುಕೊಂಡೆ. ನಗು. ಸಪ್ಪಳವಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.

ಅಲ್ಲಿಂದ ಮೂರು ದಿನ ನಾನು ಕಾಕಾನ ಗಂಟಲಾದೆ. ಅಡಿಗಲ್ಲಿನ ಮೇಲೆ ಮೂರು ಬಡಿತ ಬಿದ್ದರೆ ಮಾತಾಡು ಎಂದು ಅರ್ಥ. ಆತ ಪಾಟಿಯ ಮೇಲೆ ಬರೆಯುತ್ತಿದ್ದ, ನಾನು ಅದಕ್ಕೆ ಗುಡುಗು ಹಾಕುತ್ತಿದ್ದೆ. ಆಚೆಯ ಕಾಲುಗಳು ಟ್ರ್ಯಾಕ್ಟರಿನ ಸಪ್ಪಳ, ಗಿರಣಿಯ ಸಪ್ಪಳ ಮಾಡಿ ತೋರಿಸುತ್ತಿದ್ದವು. ಹಳೆಯ ಸಂತೆ ಮರಳಿ ಬಂದ ಹಾಗಿತ್ತು. ಶುಕ್ರವಾರ ಮಲಪ್ರಭೆ ಉಕ್ಕಿ ಕೊಣ್ಣೂರಿನ ಸೇತುವೆ ಮುಳುಗಿತು. ಸಂಜೀವಣ್ಣ ಆಚೆ ದಂಡೆಯಲ್ಲಿ ಸಿಕ್ಕಿಕೊಂಡ. ಭಾನುವಾರದ ಗಂಡಾಂತರ ಮುಂದೆ ಹೋಯಿತು. ಕೈ ಎಣ್ಣೆಯಲ್ಲಿದ್ದರೂ ನದಿಯ ದಿಕ್ಕಿಗೆ ನಮಸ್ಕಾರ ಹಾಕಿದೆ.

ಒಂದು ಮಧ್ಯಾಹ್ನ ಗಿರಿಜಾ ಕಾಕು ಅಂಗಡಿಗೂ ಮನೆಗೂ ನಡುವಿನ ಬಾಗಿಲಲ್ಲಿ ಬಂದು ನಿಂತಳು. ನಾನು ಯಾರನ್ನೋ ಕಾಕಾನಾಗಿ ಬೈದು ಮುಗಿಸಿದ್ದೆ.

“ತಮ್ಮಾ,” ಅಂದಳು, “ಚಾ ಕೇಳೊಮ್ಮೆ.”

ಯಾರ ದನಿಯಲ್ಲಿ ಎಂದು ನನಗೆ ತಿಳಿಯಿತು. ಕಾಕಾನ ಕಡೆ ನೋಡಲಿಲ್ಲ. “ಗಿರಿಜಾ, ಚಾ ತರ್ತೀಯೋ, ಇಲ್ಲಾ ಅಸ್ಸಾಮಕ್ಕ ಹೋಗಿ ಎಲಿ ಹರಕೊಂಬರಾಕತ್ತೀಯೋ?” ಎಂದು ಗುಡುಗಿದೆ.

ಆಕೆ ಒಳಗೆ ಹೋದಳು. ಚಹಾ ತಂದಳು. ಕಪ್ಪನ್ನು ನನ್ನ ಮುಂದೆ ಇಡಲಿಲ್ಲ, ಕಾಕಾನ ಮುಂದೆ ಇಟ್ಟು, ಆತನ ಮುಖವನ್ನೇ ನೋಡಿ ಹೋದಳು. ಕಾಕಾ ಆ ಚಹಾ ಆರುವ ತನಕ ಮುಟ್ಟಲಿಲ್ಲ. ಅಂದು ಅಡಿಗಲ್ಲಿನ ಮೇಲೆ ಮೂರು ಬಡಿತ ಮತ್ತೆ ಬೀಳಲಿಲ್ಲ. ಗೆದ್ದೆ ಎಂದು ಬೀಗಿದ್ದ ನನಗೆ ಅದೇಕೆ ಎಂದು ಆಗ ತಿಳಿಯಲೂ ಇಲ್ಲ.

ಕ್ಲಚ್ಚು ಕೂಡಿಸುವ ಕೆಲಸ ಕಾಕಾನೊಬ್ಬನದೇ. ತಟ್ಟೆಗಳು ಕೂರುವ ಗಿಂಡಿಯಂಥ ಭಾಗದ ಹಲ್ಲುಗಳಲ್ಲಿ ಬಿದ್ದಿದ್ದ ಗೀರುಗಳನ್ನು ಅರದಿಂದ ಉಜ್ಜಿ ಬೆರಳಿನಿಂದ ಸವರಿ ನೋಡಿದ. ಎಣ್ಣೆ ಜಿನುಗುವ ತಟ್ಟೆಗಳನ್ನು ಒಂದು ಬೆಂಡು ಒಂದು ಉಕ್ಕು ಎಂದು ಪೇರಿಸಿದ, ಹಬ್ಬದ ದಿನ ಹೋಳಿಗೆಯನ್ನು ಮಡಿಕೆ ಹರಿಯದಂತೆ ಒಂದರ ಮೇಲೊಂದು ಇಡುವವರ ಹಾಗೆ. ಸ್ಪ್ರಿಂಗುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿದ. ಪಂಚಮಿಯ ದಿನ ನಾಲ್ಕಾಲಿ ಓಣಿಯ ತುಂಬ ಓಡಿತು. ಬೇವಿನ ಮರದ ಜೋಕಾಲಿಯ ಮೇಲಿದ್ದ ಹುಡುಗಿಯರು ಜೀಕುವುದನ್ನು ಬಿಟ್ಟು ನೋಡಿದರು. ಕ್ಲಚ್ ಬಿಟ್ಟರೆ ಬೆಣ್ಣೆಯಂತೆ ಹಿಡಿಯುತ್ತಿತ್ತು.

ಮರುದಿನ ಶಿರೋಳದವನು ಸಾಮಾನಿಗೆಂದು ಗಾಡಿ ತಂದು ನಿಂತಿದ್ದ. ಸಪ್ಪಳ ಕೇಳಿ ಬಂದ ಹತ್ತು ಹನ್ನೆರಡು ಮಂದಿಯೂ ಇದ್ದರು. ಒಯ್ಯಿ ಎಂದು ಕಾಕಾ ಬರೆದಿರಲಿಲ್ಲ, ಬೇಡ ಎಂದೂ ಬರೆದಿರಲಿಲ್ಲ. ಅರ್ಧ ಶಟರಿನ ಹಿಂದೆ ಕೂತು ಸುಮ್ಮನೆ ಕೈ ಒರೆಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಸೇತುವೆ ತೆರೆದು, ನರಗುಂದದಿಂದ ಗಜೇಂದ್ರಗಡಕ್ಕೆ ಹೊರಟಿದ್ದ ಸಂಜೀವಣ್ಣನ ಕಾರು ಅದೇ ರಸ್ತೆಗೆ ಬಂತು. ಗುಡ್ಡದ ಬುಡದಲ್ಲಿ ಇರಬೇಕಾದ ತನ್ನ ನಾಲ್ಕಾಲಿ ರೋಣದ ಪೇಟೆಯಲ್ಲಿ ನಿಂತಿದ್ದನ್ನು ಕಂಡು ಬ್ರೇಕು ಹಾಕಿದ. ಹಿಂದಿನ ಸೀಟಿನಲ್ಲಿ ಅವನ ಮಾವ, ಅತ್ತೆ.

ಪಾಲಿಶ್ ಮಾಡಿದ ಬೂಟು ಶಟರಿನ ಆಚೆ ಬಂದು ನಿಂತವು. “ವೀರಪ್ಪ ಅದಾನೇನು? ನಮ್ಮ ಗಾಡಿಗೆ ಏನಾಗೇತಿ?”

ನನ್ನ ನೌಕರಿ ನನ್ನ ಕಣ್ಣ ಮುಂದೆ ಜೋಕಾಲಿ ಆಡಿತು. ಯಾರೂ ಮೂರು ಸಲ ಬಡಿದಿರಲಿಲ್ಲ. ಆದರೂ ನಾನು ಕಾಕಾನ ದನಿ ತೆಗೆದೆ.

“ಏನಿಲ್ರಿ ಸಾಹುಕಾರ್ರ. ಕೇಬಲ್ ಲೂಜ್ ಆಗಿತ್ತು, ಬಿಗಿದೀನಿ. ಹುಡುಗುಂದು ತಪ್ಪಿಲ್ಲ, ಚಲೋ ಹುಡುಗ.”

ನನ್ನ ಪಕ್ಕದಲ್ಲಿ ಒಂದು ಮೈ ಎದ್ದು ನಿಂತಿತು. ನಾಲ್ಕು ತಿಂಗಳಿಂದ ಅರ್ಧಕ್ಕಿಂತ ಮೇಲೆ ಹೋಗದ ಶಟರು ಒಂದೇ ಎಳೆತಕ್ಕೆ ಕರಕರ ಎಂದು ಮೇಲಕ್ಕೆ ಹೋಯಿತು. ಬೆಳಕು ಕಣ್ಣು ಕುಕ್ಕಿತು. ಮಂದಿಗೆಲ್ಲ ಎಣ್ಣೆಯ ಕೈಯ ಕಾಕಾ ಕಂಡ, ಬಾಯಿ ಇನ್ನೂ ತೆರೆದೇ ಇದ್ದ ನಾನೂ ಕಂಡೆ. ಆತ ಟವೆಲ್ಲನ್ನು ಕುತ್ತಿಗೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡ.

“ಕ್ಲಚ್ ಸುಟ್ಟಿತ್ತು,” ಅಂದ. ಅದು ದನಿಯಲ್ಲ, ಉಸಿರಿಗೆ ಮಾತಿನ ಆಕಾರ ಕೊಟ್ಟ ಹಾಗೆ. ಒಣ ಜೋಳದ ಎಲೆಯ ಮೇಲೆ ಗಾಳಿ ಹೋದ ಹಾಗೆ. “ಹತ್ತಿ ಎಡೆ ಹೊಡದಾನ. ಎಲ್ಲಾ ಪ್ಲೇಟ್ ಹೊಸಾವು ಹಾಕೀನಿ. ಬೈಕಿನ್ವು. ನಡೀತಾವು.”

ಸಂಜೀವಣ್ಣ ಅಲ್ಲಿಯೇ, ಮಾವನ ಎದುರೇ, ನಾಲ್ಕಾಲಿಯ ಕೀಲಿ ನನ್ನ ಕೈಯಿಂದ ಇಸಕೊಂಡ. “ನಾಳಿಂದ ಹೊಲದಾಗ ಇರಪಾ,” ಅಂದ. ಅದಕ್ಕಿಂತ ಹೆಚ್ಚು ಬೈಯಲಿಲ್ಲ. ಬೈದಿದ್ದರೆ ಅಣಕಿಸಲಾದರೂ ಏನಾದರೂ ಇರುತ್ತಿತ್ತು.

ಕಾಕಾ ನನ್ನ ಕಿವಿಯ ಹತ್ತಿರ ಬಗ್ಗಿದ. “ನನ್ನ ಬಾಯಾಗ ಸುಳ್ಳ ಹಾಕಬ್ಯಾಡ,” ಅಂದ. “ಮೂವತ್ತ ವರ್ಷ ಹಾಕಿಲ್ಲ ನಾನು.”

ಕಾಕಾ ಮಂದಿಯನ್ನು ನೋಡಿದ, ಅವರು ನೆಲ ನೋಡಿದರು. ಆಗ ಪಂಪಿನ ಮುದುಕ ಮುಂದೆ ಬಂದು ಪಟಗವನ್ನು ಓರೆ ಮಾಡಿ ಕಿವಿ ಬಿಚ್ಚಿ, ಕಾಕಾನ ಬಾಯಿಯ ಹತ್ತಿರಕ್ಕೆ ತಂದ. “ಇಲ್ಲಿ ಅನ್ನು, ಕೇಳ್ತೈತಿ. ನನ್ನ ಪಂಪ್ ಈಗ ಹಿಂಗ ಅಂತೈತಿ,” ಎಂದು ಸಪ್ಪಳ ಮಾಡಿದ. ಸಣ್ಣಗೆ, ಗುಟ್ಟು ಹೇಳುವವನಂತೆ ಪಿಸುಗುಟ್ಟುತ್ತ ಮಾಡಿದ. ಶಿರೋಳದವನು ಖಾಲಿ ಗಾಡಿ ತಿರುಗಿಸಿಕೊಂಡ.

ದೀಪಾವಳಿಯ ತನಕ ನಾನು ಅದೇ ಅಂಗಡಿಯಲ್ಲಿ ಕೆಲಸ ಮಾಡಿದೆ. ಎಂಥ ದಿನಗಳವು. ಕಾಕಾ ಪಿಸುಗುಟ್ಟಿದರೆ ಎದುರಿನವರೂ ತಮಗರಿವಿಲ್ಲದೆ ಪಿಸುಗುಟ್ಟುತ್ತಿದ್ದರು. ಊರನ್ನೇ ಬೈದು ಬದುಕಿದ ಗೌಡರು ಬಗ್ಗಿ, ತಲೆಗೆ ತಲೆ ತಾಗಿಸಿ, ತಮ್ಮ ಟ್ರ್ಯಾಕ್ಟರಿನ ಸಪ್ಪಳವನ್ನು ಮಂತ್ರದಂತೆ ಉಸುರುತ್ತಿದ್ದರು. ರೋಣದಲ್ಲಿ ಅಷ್ಟು ಗದ್ದಲದ ಅಂಗಡಿ ಇನ್ನೊಂದಿರಲಿಲ್ಲ, ಅಷ್ಟು ಮೆಲ್ಲಗಾದದ್ದೂ ಇನ್ನೊಂದಿಲ್ಲ. ಹೊರಗೆ ಮಳೆ, ಒಳಗೆ ಎಣ್ಣೆಯ ವಾಸನೆ, ಕಾಕುವಿನ ಕನ್ನಡಿ ಮತ್ತೆ ಗೋಡೆಗೆ. ನಾನು ಎಲ್ಲರನ್ನೂ ಅಣಕಿಸಿದೆ, ಆ ಹೊಸ ದನಿಯೊಂದನ್ನು ಬಿಟ್ಟು. ಹಳೆಯ ದನಿಯನ್ನೂ ಮತ್ತೆ ತೆಗೆಯಲಿಲ್ಲ. ಆಮೇಲೆ ಗದಗಿನಲ್ಲಿ ಗಾಡಿ ಸಿಕ್ಕಿತು, ಹೋದೆ. ಕಾಕಾ ಆ ಉಸಿರಿನಲ್ಲೇ ಐದು ವರ್ಷ ಅಂಗಡಿ ನಡೆಸಿದ. ಹೋದ ಯುಗಾದಿಯ ಹೊತ್ತಿಗೆ ಮಲಗಿದಲ್ಲೇ ತೀರಿಕೊಂಡನಂತೆ. ನಾನು ಆಗ ಉಳ್ಳಾಗಡ್ಡಿ ಹೇರಿಕೊಂಡು ಎಲ್ಲಿಯೋ ದೂರ ಇದ್ದೆ. ಮಣ್ಣಿಗೆ ಹೋಗಲಾಗಲಿಲ್ಲ. ಆಮೇಲೂ ಹೋಗಲಿಲ್ಲ, ಮುಖವಿಲ್ಲದಿರುವುದು ನನಗೆ ರೂಢಿಯಾಗಿಬಿಟ್ಟಿದೆ.

ಆದರೆ ಏರಿನ ಮೇಲೆ ಆ ವಾಸನೆ ಮೂಗಿಗೆ ಹೊಕ್ಕ ಮೇಲೆ ತಡೆಯಲಾಗಲಿಲ್ಲ. ಚೀಲ ಇಳಿಸಿದವನೇ ರೋಣಕ್ಕೆ ಬಂದೆ. ಅಂಗಡಿಯಲ್ಲಿ ಈಗ ಕಾಕಾನ ಅಳಿಯ ಪಂಪಿನ ಮೋಟರಿಗೆ ತಂತಿ ಸುತ್ತುತ್ತಾನೆ. ಹಿಂದಿನ ಪಡಸಾಲೆಯಲ್ಲಿ ಗಿರಿಜಾ ಕಾಕು ನಾಲ್ಕು ಹೆಂಗಸರನ್ನು ಹಚ್ಚಿಕೊಂಡು ಖಾನಾವಳಿಗಳಿಗೆ ರೊಟ್ಟಿ ಬಡಿದು ಕಳಿಸುತ್ತಾಳೆ. ನನ್ನನ್ನು ಕಂಡು ಎಲ್ಲರ ಕೈ ನಿಂತವು.

“ಗಿಳಿ ಬಂತು. ಯಾರರ ದನಿ ತಗಿಯೋ,” ಅಂದಳು ಅವರಲ್ಲೊಬ್ಬಳು.

“ಇವರದ ತಗೀತಾನ,” ಎಂದು ಕಾಕು ಗೋಡೆಯ ಫೋಟೋದ ಕಡೆ ಗದ್ದ ಎತ್ತಿದಳು.

ಗಂಟಲು ಸರಿಮಾಡಿಕೊಂಡೆ. ಆರು ವರ್ಷದ ಮೇಲೆ ಆ ಗುಡುಗು ಬಂತು, ಒಂದು ಎಳೆಯೂ ಕೆಟ್ಟಿರಲಿಲ್ಲ. ಹೆಂಗಸರು ನಕ್ಕರು. ಕಾಕು ಅವರ ನಗು ಮುಗಿಯುವ ತನಕ ಕಾದು, ಅಲ್ಲ ಎಂದು ತಲೆ ಆಡಿಸಿದಳು.

“ಅದಲ್ಲೋ. ಅದು ಮಂದಿಗಿ. ಆಮ್ಯಾಲಿಂದು ತಗಿ. ಉಸರಿಂದು.”

ನಾನು ಬಾಯಿ ತೆರೆದೆ. ಪೇಟೆಯ ಅಷ್ಟೂ ಮಂದಿಯನ್ನು, ಎತ್ತು, ಬಸ್ಸು, ಪಂಪು, ಮಳೆ ಬಿದ್ದ ತಗಡನ್ನು ಸಹ ಹೊಟ್ಟೆಯಲ್ಲಿಟ್ಟುಕೊಂಡವನು ನಾನು. ಬರೀ ಗಾಳಿ ಬಂತು. ಇನ್ನೊಮ್ಮೆ ನೋಡಿದೆ. ಯಾರದೋ ಪಿಸುಮಾತು ಬಂತು, ಕಾಕಾನದಲ್ಲ.

“ಬರಂಗಿಲ್ಲ ಕಾಕು.”

ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು. ಬಗ್ಗಿ, ನನ್ನ ಕಿವಿಗೆ ಬಾಯಿ ತಂದಳು.

“ಗಿರಿಜಾ,” ಅಂದಳು. ಅದೇ. ಒಣ ಎಲೆ, ಅದರ ಮೇಲೆ ಗಾಳಿ, ನಡುವೆ ಒಮ್ಮೆ ಸಿಕ್ಕಿಕೊಂಡು ಬಿಡುವ ಆ ಉಸಿರು. “ಮಳಿ ಬಂತು ನೋಡು. ಅರಿವಿ ತಗಿ.”

ಹೊರಗೆ ಬಿಸಿಲು ಸುರಿಯುತ್ತಿತ್ತು. ಹಿತ್ತಲಿನ ತಂತಿಯ ಮೇಲೆ ನಾಲ್ಕು ಸೀರೆ, ಎರಡು ಟವೆಲ್ಲು. ನಾನು ಎದ್ದು ಹೋಗಿ ಅವನ್ನೆಲ್ಲ ತೆಗೆದು ಒಳಗೆ ತಂದೆ.